ಐರಿಶರ ‘ಲಾ ಕ್ರೊಸ್ತ’ಕ್ಕೆ ಕನ್ನಡದಲ್ಲಿ ಏನನ್ನೋಣ?
ಗೆಳೆಯರೇ,

ಐರ್ಲೆಂಡಿನ ಹಳ್ಳಿಗರ ನಂಬಿಕೆಗಳ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಲಾ ಕ್ರೊಸ್ತ ನ ಬ್ಲಿಯನ’ ಎಂಬ ಮಾತಿಗೆ ಸರಿಯಾದ ಪದ ಹೊಳೆಯುತ್ತಿಲ್ಲ. ಲಾ ಅಂದರೆ ದಿನ, ಬ್ಲಿಯನ ಅಂದರೆ ವರ್ಷದ. ತಂಟೆ ಇರುವುದು ‘ಕ್ರೊಸ್ತ’ದ್ದೇ. ಮುನಿಸು, ತರಲೆ ಎಲ್ಲ ಅದರಲ್ಲಿದೆ.

ಈ ಹೆಸರು ಡಿಸೆಂಬರ್ 28ರದ್ದು. ಅದು ಬೈಬಲ್ಲಿನ ಹೆರೋದ ರಾಜ ಬೆತ್ಲೆಹೇಮಿನ ಹಸುಗೂಸುಗಳನ್ನು ಕೊಲ್ಲಿಸಿದ್ದರ ನೆನಪಿನ ದಿನ. ಅವತ್ತು ಹೊಸ ಕೆಲಸಕ್ಕೆ ಕೈ ಹಾಕಬಾರದು, ಹಾಕಿದರೆ ಅದು ಮುಗಿಯುವುದಿಲ್ಲ ಎಂದು ಐರಿಶ್ ಹಳ್ಳಿಗರು ನಂಬುತ್ತಿದ್ದರು. ಮದುವೆಯಂತೂ ಬೇಡವೇ ಬೇಡ. ಇಷ್ಟೇ ಆಗಿದ್ದರೆ ‘ಕೆಟ್ಟ ದಿನ’ ಎಂದು ಬರೆದು ಮುಂದೆ ಹೋಗುತ್ತಿದ್ದೆ. ಆದರೆ ಆ ತಾರೀಖು ಯಾವ ವಾರ ಬೀಳುತ್ತದೋ, ಮುಂದಿನ ವರ್ಷವಿಡೀ ಆ ವಾರ ಕೆಟ್ಟದ್ದು. 2024ರಲ್ಲಿ ಅದು ಶನಿವಾರ ಬಂದಿತ್ತು. ಆ ಲೆಕ್ಕದಲ್ಲಿ 2025ರ ಶನಿವಾರಗಳೆಲ್ಲ ಹೋದವು!

‘ವರ್ಜ್ಯ’ ಅಂದರೆ ಓದುಗರು ಪಂಚಾಂಗದ ಗಳಿಗೆ ಅಂದುಕೊಳ್ಳುತ್ತಾರೆ. ‘ಅಶುಭ’ ತೀರಾ ಪುರೋಹಿತರ ಮಾತಾಯಿತು. ‘ಆಗಿಬರದ ವಾರ’ ಕೇಳಲು ಚೆನ್ನಾಗಿದೆ, ಆದರೆ ಆಗಿಬರುವುದು ಬಿಡುವುದು ಒಬ್ಬೊಬ್ಬರಿಗೆ ಒಂದೊಂದು. ಇದು ಊರಿಗೆಲ್ಲ ಒಂದೇ.

ನನಗೆ ‘ವರ್ಷದ ತೊಡಕು’ ಮೇಲೆ ಕಣ್ಣು. ಯುಗಾದಿಯ ಮಾರನೇ ದಿನ ಏನು ಮಾಡುತ್ತೇವೋ ಅದೇ ವರ್ಷವಿಡೀ ನಡೆಯುತ್ತದೆ ಅನ್ನುತ್ತಾರಲ್ಲ, ಅದಕ್ಕೂ ಇದಕ್ಕೂ ಸಂಬಂಧವಿಲ್ಲದಿದ್ದರೂ ಭಾವ ಹತ್ತಿರದ್ದು. ಕಷ್ಟ ಏನೆಂದರೆ, ಹಳೇ ಮೈಸೂರಿನವರಿಗೆ ತೊಡಕು ಅಂದ ಕೂಡಲೇ ಮಟನ್ ಸಾರು ನೆನಪಾಗುತ್ತದೆ. ‘ತೊಡಕುವಾರ’ ಎಂದು ಕಟ್ಟಿದರೆ ಹೇಗೆ? ಏಳೂ ದಿನ ತೊಡಕು ಅಂತ ಯಾರಾದರೂ ಓದಿಕೊಂಡಾರು ಅನ್ನುವ ಅಳುಕೂ ಇದೆ, ನಮ್ಮ ‘ವಾರ’ ಎರಡಕ್ಕೂ ನಡೆಯುತ್ತದೆ ಅಲ್ವಾ.

ಇನ್ನೊಂದು ಚಿಕ್ಕ ಪ್ರಶ್ನೆ. ಐರಿಶ್‌ನಲ್ಲಿ ಸೋಮವಾರಕ್ಕೆ ‘ಲುವನ್’. ‘ಲಾ ಅನ್ ಲುವನ್’ ಅಂದರೆ ಲೋಕದ ಕೊನೇ ತೀರ್ಪಿನ ದಿನ. ಸೋಮವಾರ ಹೆಣಕ್ಕೆ ಗುಂಡಿ ತೋಡಲು ಶುರು ಮಾಡಬಾರದು ಎಂಬ ನಂಬಿಕೆಯೂ ಅಲ್ಲಿತ್ತು. ತೋಡಲೇಬೇಕಾದರೆ ಭಾನುವಾರವೇ ಒಂದು ಹೆಂಟೆ ಮಣ್ಣು ಎತ್ತಿಟ್ಟುಬಿಡುತ್ತಿದ್ದರು. ಕೆಲಸ ನಿನ್ನೆಯೇ ಶುರುವಾಗಿದೆ ಅಂತ ಲೆಕ್ಕ. ಜಾಣರು! ಹೀಗೆ ದಿನ ತಪ್ಪಿಸಲು ಮುಂಚೆಯೇ ಸುಮ್ನೆ ಚೂರು ಕೆಲಸ ಮಾಡಿಡುವುದಕ್ಕೆ ನಿಮ್ಮ ಕಡೆ ಏನಾದರೂ ಹೆಸರಿದೆಯೇ? ಇದ್ದರೆ ಯಾವ ಜಿಲ್ಲೆಯ ಮಾತು ಎಂಬುದನ್ನೂ ಬರೆಯಿರಿ.