ಸಹಾಯ ಬೇಕು: ಯೂರೋಸ್ಟಮಿ ಚಾರ್ಟ್‌ನಲ್ಲಿ ಬರೀ ‘ಸೋಂಕು’ ಅಂತಿದೆ, ಡಾಕ್ಟರ್‌ಗೆ ಕ್ವೆರಿ (ಸ್ಪಷ್ಟನೆ ಕೇಳುವ ಪ್ರಶ್ನೆ) ಹೇಗೆ ಬರೆಯಲಿ?

ನಾನು ಮೆಡಿಕಲ್ ಕೋಡರ್, ಚಾರ್ಟ್ ನೋಡಿ ರೋಗಕ್ಕೆ ಕೋಡ್ ಹಾಕುವುದು ನನ್ನ ಕೆಲಸ. ಎರಡು ದಿನದಿಂದ ಒಂದೇ ಚಾರ್ಟ್ ಮುಂದೆ ಕೂತಿದ್ದೇನೆ. ರೋಗಿಗೆ ಮೂತ್ರಕೋಶ ತೆಗೆದು ಇಲಿಯಲ್ ಕಾಂಡ್ಯೂಟ್ ಮಾಡಿದ್ದಾರೆ, ಅಂದರೆ ಮೂತ್ರ ಕರುಳಿನ ತುಂಡಿನ ಮೂಲಕ ಹೊಟ್ಟೆಯ ಮೇಲಿನ ರಂಧ್ರದಿಂದ ಚೀಲಕ್ಕೆ ಬರುತ್ತದೆ; ಇದೊಂದು ಬಗೆಯ ಯೂರೋಸ್ಟಮಿ. ಡಾಕ್ಟರ್ ಬರೆದಿರುವುದು ಇಷ್ಟೇ: ‘ಯೂರೋಸ್ಟಮಿ, ಸೋಂಕು, ಆಂಟಿಬಯಾಟಿಕ್ ಶುರು.’ ಸೋಂಕು ಸ್ಟೋಮಾದ್ದಾ (ಆ ರಂಧ್ರದ್ದಾ), ಯುಟಿಐನಾ (ಮೂತ್ರಮಾರ್ಗದ ಸೋಂಕಾ)? ಎಲ್ಲೂ ಇಲ್ಲ.

ಐಸಿಡಿ-10-ಸಿಎಮ್ (ರೋಗಗಳ ಕೋಡ್ ಪಟ್ಟಿ) ಪ್ರಕಾರ ಸ್ಟೋಮಾದ್ದಾದರೆ ಎನ್99.521. ಬರೀ ಯುಟಿಐ ಆದರೆ ಎನ್39.0, ಜೊತೆಗೆ ಝಡ್93.6 (ಯೂರೋಸ್ಟಮಿ ಇದೆ ಅಂತ ತಿಳಿಸುವ ಕೋಡ್). ಎನ್99.5 ಸಾಲಿನ ಕೋಡ್ ಹಾಕಿದರೆ ಝಡ್93.6 ಸೇರಿಸುವಂತಿಲ್ಲ, ಅಲ್ವಾ?

ನರ್ಸ್ ನೋಟ್ಸ್‌ನಲ್ಲಿ ಸ್ಟೋಮಾ ಸುತ್ತ ಕೆಂಪಾಗಿದೆ ಅಂತಿದೆ. ಅದನ್ನು ನೋಡಿ ಸುಮ್ನೆ ನಾನೇ ನಿರ್ಧರಿಸುವಂತಿಲ್ಲ. ಮೂತ್ರದ ಕಲ್ಚರ್ (ಸೋಂಕಿನ ಪರೀಕ್ಷೆ) ಸ್ಯಾಂಪಲ್ಲನ್ನು ಚೀಲದಿಂದಲೇ ತೆಗೆದಿದ್ದಾರೆ, ಅದನ್ನೂ ಜಾಸ್ತಿ ನಂಬೋ ಹಾಗಿಲ್ಲ. ಡಾಕ್ಟರ್‌ಗೆ ಒಮ್ಮೆ ಕ್ವೆರಿ ಕಳಿಸಿದೆ. ಮತ್ತೆ ‘ಸೋಂಕು’ ಅಂತಲೇ ಉತ್ತರ ಬಂತು. ತಪ್ಪು ಕೋಡ್ ಆ ರೋಗಿಯ ದಾಖಲೆಯಲ್ಲಿ ಉಳಿದುಬಿಡುತ್ತದೆ, ಅದೇ ಚಿಂತೆ.

ಉತ್ತರವನ್ನು ನಾನೇ ಸೂಚಿಸಿದಂತೆ ಆಗಬಾರದು. ಹಾಗಾದರೆ ಎರಡನೇ ಕ್ವೆರಿಯಲ್ಲಿ ಯಾವ ಯಾವ ಆಯ್ಕೆ ಕೊಡಲಿ?