ಮ್ಯಾಕ್ಯುಲರ್ ಡಿಜೆನರೇಷನ್: ‘ಒಣ’, ‘ಒದ್ದೆ’ ಅಂದರೆ ಸರಿಹೋದೀತೇ?

ಪ್ರಶ್ನೆ: ಅರವತ್ತು ದಾಟಿದವರಿಗೆ ಹಂಚುವ ಕರಪತ್ರವೊಂದರಲ್ಲಿ ಮ್ಯಾಕ್ಯುಲರ್ ಡಿಜೆನರೇಷನ್ ಎಂಬ ಕಣ್ಣಿನ ಕಾಯಿಲೆಯನ್ನು ‘ವಯೋಸಂಬಂಧಿ ಅಕ್ಷಿಪಟಲ ಅವನತಿ’ ಎಂದೂ ಅದರ ಎರಡು ಬಗೆಗಳನ್ನು ‘ಒಣ’, ‘ಒದ್ದೆ’ ಎಂದೂ ಬರೆದಿದೆ. ಓದಿದ ಕೂಡಲೇ ತಿಳಿಯುವ ಪದಗಳಿವೆಯೇ? ಪಠ್ಯಪುಸ್ತಕದ ‘ಹಳದಿ ಚುಕ್ಕೆ’ ಬಳಸಬಹುದೇ?

ಉತ್ತರ: ಮೊದಲು ‘ಒಣ’, ‘ಒದ್ದೆ’ ಎರಡನ್ನೂ ತೆಗೆಯಿರಿ. ಒಣ ಅಂದರೆ ಕಣ್ಣು ಒಣಗಿ ಉರಿಯುವುದು, ಒದ್ದೆ ಅಂದರೆ ಕಣ್ಣಲ್ಲಿ ನೀರು ಸುರಿಯುವುದು ಎಂದೇ ಜನ ಓದಿಕೊಳ್ಳುತ್ತಾರೆ, ಅಂಗಡಿಯಿಂದ ಡ್ರಾಪ್ಸ್ ತಂದು ಬಿಟ್ಟುಕೊಳ್ಳುತ್ತಾರೆ. ಕಾಯಿಲೆ ಇರುವುದು ಕಣ್ಣಿನ ಹಿಂಬದಿಯಲ್ಲಿ ಬೆಳಕು ಗ್ರಹಿಸುವ ಪದರವಾದ ರೆಟಿನಾದಲ್ಲಿ. ಅಂಗಡಿಯ ಡ್ರಾಪ್ಸ್‌ನಿಂದ ಏನೂ ಆಗದು. ಇಂಗ್ಲಿಷಿನವರು ‘ವೆಟ್’ ಅಂದದ್ದು ರೆಟಿನಾದ ಅಡಿಯಲ್ಲಿ ಹೊಸದಾಗಿ ಚಿಗುರುವ ಬಲವಿಲ್ಲದ ರಕ್ತನಾಳಗಳಿಂದ ದ್ರವವೋ ರಕ್ತವೋ ಜಿನುಗುವುದಕ್ಕೆ. ಆದ್ದರಿಂದ ‘ನಾಳ ಜಿನುಗುವ ಬಗೆ’, ‘ಮೆಲ್ಲಗೆ ಸವೆಯುವ ಬಗೆ’ ಅನ್ನಿ. ಹತ್ತರಲ್ಲಿ ಎಂಟೊಂಬತ್ತು ಮಂದಿಗೆ ಇರುವುದು ಸವೆಯುವ ಬಗೆ. ಜಿನುಗುವ ಬಗೆ ಕಡಿಮೆ ಮಂದಿಗೆ, ಆದರೆ ವಾರಗಳಲ್ಲೇ ನೋಟ ಕೆಡಿಸಬಲ್ಲದು. ಕಣ್ಣೊಳಗೆ ಕೊಡುವ ಇಂಜೆಕ್ಷನ್ ತಡವಾದರೆ ಅಲ್ಲಿ ಗಾಯದ ಕಲೆ ಕಟ್ಟುತ್ತದೆ, ಹೋದ ನೋಟ ಬಾರದು.

‘ಅಕ್ಷಿಪಟಲ ಅವನತಿ’ ಸಂಸ್ಕೃತವಾಯಿತೆಂದು ನನ್ನ ತಕರಾರಲ್ಲ. ಅಕ್ಷಿಪಟಲ ಅಂದರೆ ಇಡೀ ರೆಟಿನಾ. ಮ್ಯಾಕ್ಯುಲಾ ಅದರ ನಡುವಿನ ಸುಮಾರು 5.5 ಮಿಲಿಮೀಟರ್ ಅಗಲದ ಜಾಗ ಮಾತ್ರ. ‘ಹಳದಿ ಚುಕ್ಕೆ’ ಅಂಗರಚನೆಯ ಪಾಠಕ್ಕೆ ಒಪ್ಪುತ್ತದೆ: ಲ್ಯಾಟಿನ್ನಿನ ‘ಮ್ಯಾಕ್ಯುಲಾ ಲೂಟಿಯಾ’ದ ಅರ್ಥವೇ ಅದು, ಲೂಟೀನ್, ಜಿಯಾಕ್ಸಾಂಥಿನ್ ಎಂಬ ಬಣ್ಣಗಳಿಂದ ಆ ಹಳದಿ. (ಅದೇ ಲೂಟೀನ್‌ಗಾಗಿಯೇ ಚೆಂಡುಹೂವನ್ನೂ ಹೊಲಗಟ್ಟಲೆ ಬೆಳೆಯುತ್ತಾರೆ.) ಆದರೆ ‘ಹಳದಿ ಚುಕ್ಕೆ ರೋಗ’ ಅಂದರೆ ಒಬ್ಬರಿಗೆ ಕಾಮಾಲೆ, ಅಡಿಕೆ ತೋಟದವರಿಗೆ ಎಲೆಚುಕ್ಕೆ ನೆನಪಾಗುತ್ತದೆ. ‘ಪೊರೆ’ಯಂತೂ ಬೇಡವೇ ಬೇಡ, ಪೊರೆಯನ್ನು ತೆಗೆಸಬಹುದು, ಇದನ್ನು ತೆಗೆಸಲಾಗದು.

ನನ್ನ ಆಯ್ಕೆ ‘ನಡುನೋಟದ ಸವೆತ’. ಮಗ್ಗುಲ ನೋಟ ಉಳಿದು ನಡುವಿನದು ಮಾತ್ರ ಹೋಗುವ ಕಾಯಿಲೆ ಇದು. ಬಾಗಿಲ ಚೌಕಟ್ಟು ಕಾಣುತ್ತದೆ, ನಿಂತವರ ಮುಖ ಕಾಣದು. ಹೀಗಾಗಿ ‘ಕುರುಡು’ ಎಂದು ಹೆದರಿಸುವುದೂ ತಪ್ಪೇ. ಆಸ್ಪತ್ರೆಯ ಚೀಟಿಯಲ್ಲಿ ಗುರುತಿಸಲು ‘ಮ್ಯಾಕ್ಯುಲಾ’ ಪದವನ್ನು ಪಕ್ಕದಲ್ಲಿ ಒಮ್ಮೆ ಬರೆದರೆ ಸಾಕು.

ಗೆರೆ ಡೊಂಕಾಗಿ ಕಾಣುವ ಲಕ್ಷಣಕ್ಕೆ ‘ಸೊಟ್ಟನೋಟ’ ಎಂದು ಹೆಸರಿಡಬೇಡಿ, ಮೆಳ್ಳೆಗಣ್ಣು ಅಂದುಕೊಳ್ಳುತ್ತಾರೆ. ಮಾಡಬೇಕಾದ್ದನ್ನೇ ಬರೆಯಿರಿ: ಓದುವ ಕನ್ನಡಕ ಹಾಕಿ, ಒಂದು ಕಣ್ಣು ಮುಚ್ಚಿ, ಚೌಕುಳಿ ಹಾಳೆಯನ್ನು 30 ಸೆಂಟಿಮೀಟರ್ ದೂರ ಹಿಡಿದು, ನಡುವಿನ ಚುಕ್ಕೆಯನ್ನೇ ನೋಡುವುದು; ಆಮೇಲೆ ಇನ್ನೊಂದು ಕಣ್ಣು. ಆಮ್ಸ್ಲರ್ ಹಾಳೆ ಎಂದು ಕರೆಯುವ ಈ ಚೌಕುಳಿ ಹಾಳೆ 10 ಸೆಂಟಿಮೀಟರ್ ಚೌಕ, ಒಳಗಿನ ಮನೆಗಳು 5 ಮಿಲಿಮೀಟರ್. ಎರಡೂ ಕಣ್ಣು ತೆರೆದು ನೋಡಿದರೆ ಚೆನ್ನಾಗಿರುವ ಕಣ್ಣು ಇನ್ನೊಂದರ ಕೊರತೆಯನ್ನು ಮುಚ್ಚಿಬಿಡುತ್ತದೆ. ಗೆರೆ ಹೊಸದಾಗಿ ಬಳುಕಿದರೆ, ಮನೆಗಳು ಮಾಯವಾದರೆ ‘ಮುಂದಿನ ತಪಾಸಣೆಗೆ’ ಅಲ್ಲ, ‘ಒಂದೆರಡು ದಿನದೊಳಗೆ’ ಎಂದೇ ಅಚ್ಚಾಗಲಿ.

ಇನ್ನು ಇಂಥ ಕರಪತ್ರಗಳಲ್ಲಿ ಬರುವ ‘ತಡೆಗಟ್ಟುವ ಮಾತ್ರೆ’. ಇಲ್ಲಿ ‘ತಡೆಗಟ್ಟು’ ಸುಳ್ಳಾಗುತ್ತದೆ. ಅಮೆರಿಕದಲ್ಲಿ ನಡೆದ, 2013ರಲ್ಲಿ ಫಲಿತಾಂಶ ಬಂದ ಎರಡನೇ ಆರೆಡ್ಸ್ (ವಯಸ್ಸಿಗೆ ಸಂಬಂಧಿಸಿದ ಕಣ್ಣಿನ ಕಾಯಿಲೆಗಳ) ಅಧ್ಯಯನದ ಮಿಶ್ರಣದಲ್ಲಿ ವಿಟಮಿನ್ ಸಿ 500 ಮಿಲಿಗ್ರಾಂ, ವಿಟಮಿನ್ ಇ 400 ಯೂನಿಟ್, ಲೂಟೀನ್ 10, ಜಿಯಾಕ್ಸಾಂಥಿನ್ 2, ಸತು 80, ತಾಮ್ರ 2 ಮಿಲಿಗ್ರಾಂ ಇರುತ್ತವೆ. ಸತು ಹೆಚ್ಚಾದರೆ ದೇಹಕ್ಕೆ ತಾಮ್ರ ಹಿಡಿಯದು, ಅದಕ್ಕೇ ತಾಮ್ರ. ಇದು ನಡುಹಂತಕ್ಕೆ ಬಂದ ಕಾಯಿಲೆ ಮುಂದುವರಿಯುವುದನ್ನು ನಿಧಾನಿಸುತ್ತದೆ. ಕಾಯಿಲೆ ಇಲ್ಲದವರಿಗೂ ಆರಂಭದ ಹಂತದವರಿಗೂ ಇದರಿಂದ ಲಾಭ ಕಂಡಿಲ್ಲ. ಹಳೆಯ ಮಿಶ್ರಣದಲ್ಲಿದ್ದ ಬೀಟಾ ಕೆರೋಟಿನ್ ಸಿಗರೇಟು ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚಿಸುತ್ತದೆ. ಆದ್ದರಿಂದ ಮಾತ್ರೆಗೆ ‘ನಿಧಾನಿಸುವ’ ಎಂದು ಬರೆದು, ‘ಅಪಾಯ ತಗ್ಗಿಸುವ’ ಎಂಬ ಮಾತನ್ನು ಬೀಡಿ, ಸಿಗರೇಟು ಬಿಡುವುದಕ್ಕೆ ಮೀಸಲಿಡಿ. ತಿನ್ನಬೇಕಾದ ಸೊಪ್ಪಿನ ಸಾಲಿನಲ್ಲಿ ಆಮದು ಕೇಲ್ (ಎಲೆಕೋಸಿನ ಜಾತಿಯ ಸೊಪ್ಪು) ಬದಲು ನುಗ್ಗೆ, ಪಾಲಕ್ ಬರಲಿ.