ಅಪ್‌ಡೇಟ್: ಶೇಂಗಾ ಅಲರ್ಜಿ ಮತ್ತು ನನ್ನ ಬರೆಯುವ ಮೇಜು

ಹೋದ ಸಲ ಕೇಳಿದ್ದೆ: ನನಗೆ ಶೇಂಗಾ ಅಲರ್ಜಿ, ಬರೆಯೋಕೆ ಕೂರುವ ಮೇಜು, ಕೀಬೋರ್ಡು ಎಲ್ಲ ಬೇರೆಯವರೂ ಬಳಸ್ತಾರೆ, ಭಯಕ್ಕೆ ಒಂದು ಸಾಲೂ ಮುಂದೆ ಹೋಗ್ತಿಲ್ಲ, ಏನು ಮಾಡಲಿ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.

ಜಾಸ್ತಿ ಉಪಯೋಗಕ್ಕೆ ಬಂದಿದ್ದು ಸೋಪಿನ ಮಾತು. ನಾನು ಸ್ಯಾನಿಟೈಸರ್ ಸಾಕು ಅಂದುಕೊಂಡಿದ್ದೆ. ಅದು ರೋಗಾಣು ಕೊಲ್ಲುತ್ತದೆ, ಆದರೆ ಕೈಗೆ ಅಂಟಿದ ಶೇಂಗಾ ಪ್ರೋಟೀನ್ ಹಾಗೇ ಉಳಿಯುತ್ತದೆ. ಸೋಪು, ನೀರು ಹಾಕಿಯೇ ತೊಳೀಬೇಕು. ಮೇಜನ್ನೂ ಒರೆಸಿಯೇ ಕೂರುತ್ತೇನೆ. ಒಂದು ದಿನ ಸ್ಪೇಸ್‌ಬಾರ್ ಸಂದಿಯಲ್ಲಿ ಶೇಂಗಾದ ಕೆಂಪು ಸಿಪ್ಪೆಯ ಚೂರು ಕಂಡಿತು. ಕೈ ನಡುಗಿತು. ಅವತ್ತೇ ಸ್ವಂತ ಕೀಬೋರ್ಡ್ ತಂದೆ.

ಅಲರ್ಜಿ ಜೋರಾಗಿ ಕೆರಳಿದಾಗ ತಕ್ಷಣ ಚುಚ್ಚಬೇಕಾದ ಅಡ್ರಿನಲಿನ್ ಇಂಜೆಕ್ಷನ್ ಮೊದಲು ಬ್ಯಾಗಿನ ತಳದಲ್ಲಿತ್ತು, ಈಗ ನೋಟ್‌ಬುಕ್ ಪಕ್ಕದಲ್ಲೇ ಇರುತ್ತದೆ. ಎದುರು ಕೂರುವ ಗೆಳತಿಗೂ ಹೇಳಿಕೊಟ್ಟೆ: ತೊಡೆಯ ಹೊರಭಾಗಕ್ಕೆ, ಬಟ್ಟೆ ಮೇಲಿಂದಲೇ ಚುಚ್ಚಬಹುದು. ಆರಾಮಾಯ್ತು ಅನ್ನಿಸಿದರೂ ಆಸ್ಪತ್ರೆಗೆ ಹೋಗಲೇಬೇಕು, ಯಾಕಂದ್ರೆ ಕೆಲವು ಗಂಟೆ ಬಿಟ್ಟು ಅಲರ್ಜಿ ಮತ್ತೆ ಶುರುವಾಗಬಹುದು. ಸೂಜಿಯಿಲ್ಲದ ಟ್ರೇನರ್ (ಅಭ್ಯಾಸಕ್ಕಿರುವ ನಕಲಿ ಇಂಜೆಕ್ಷನ್) ಹಿಡಿದು ಅವಳು ಮೂರು ಸಲ ಅಭ್ಯಾಸ ಮಾಡಿದಳು. ನಾನು ಕೇಳದೇನೇ!

ಭಯ ಪೂರ್ತಿ ಹೋಗಿಲ್ಲ. ಆದರೆ ನಿನ್ನೆ ಎರಡು ಪುಟ ಬರೆದೆ, ನಡುವೆ ಒಂದು ಸಲವೂ ಗಂಟಲು ಮುಟ್ಟಿ ನೋಡಿಕೊಳ್ಳಲಿಲ್ಲ.